ರುಬಿಡಿಯಂ ಆವಿಯ ಗಾಜಿನ ಕೊಳವೆ

ಲೇಸರ್ ಬೆಳಕಿನ ಆವರ್ತನ ಕದಲದಂತೆ ಹಿಡಿದಿಡಲು ಬಳಸುವ ಸಾಧನ ಇದು. ಗಾಜು ಊದುವವರ ನಾಜೂಕು ಕೈಕೆಲಸ: ಒಳಗಿನ ಗಾಳಿ ತೆಗೆದು, ಚೂರು ರುಬಿಡಿಯಂ ಲೋಹ ಸೇರಿಸಿ, ಬಾಯಿಯನ್ನು ಕರಗಿಸಿ ಮುಚ್ಚುತ್ತಾರೆ.

ಒಳಗೋಡೆಗೆ ಅಂಟಿದ ಬೆಳ್ಳಿಬಣ್ಣದ ಚುಕ್ಕೆಯನ್ನು ಹುಡುಕಿ. ಅದೇ ಲೋಹ, 39 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕಣ್ಣಿಗೆ ಕಾಣದ ಅದರ ಆವಿ ಕೊಳವೆಯ ತುಂಬ ಇದೆ.

ಬಿಸಿ ಸ್ವಲ್ಪ ಏರಿಳಿದರೂ ಡಯೋಡ್ ಲೇಸರಿನ ಆವರ್ತನ ಸರಿಯುತ್ತದೆ. ರುಬಿಡಿಯಂ ಪರಮಾಣು ಹಾಗಲ್ಲ, 780 ನ್ಯಾನೋಮೀಟರ್ ಆಸುಪಾಸಿನಲ್ಲಿ ತನ್ನ ನಿಗದಿತ ಆವರ್ತನಗಳನ್ನಷ್ಟೇ ಹೀರುತ್ತದೆ. ಒಂದೇ ಲೇಸರಿನ ಎರಡು ಕಿರಣಗಳನ್ನು ಎದುರುಬದುರು ಹಾಯಿಸಿದರೆ, ಪರಮಾಣುಗಳ ಓಟದಿಂದಾಗುವ ಮಸುಕಿನ ನಡುವೆಯೂ ಸೂಕ್ಷ್ಮ ಗುರುತುಗಳು ಎದ್ದು ಕಾಣುತ್ತವೆ. ಲೇಸರನ್ನು ಆ ಗುರುತಿಗೆ ಕಟ್ಟಿಹಾಕುತ್ತಾರೆ. ವಿಧಾನ 1970ರ ದಶಕದ ಆರಂಭದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಸಂತ್ ನಟರಾಜನ್ ಅವರ ತಂಡ ರುಬಿಡಿಯಂ ಆವರ್ತನವನ್ನೇ ಅಳತೆಗೋಲಾಗಿಸಿ ಸೀಸಿಯಂ, ಪೊಟ್ಯಾಸಿಯಂ ಪರಮಾಣುಗಳ ಆವರ್ತನಗಳನ್ನೂ ಅಳೆಯಿತು.