ತಿಮರೆ, ಒಂದೆಲಗ, ಬ್ರಾಹ್ಮಿ

ಮಂಗಳೂರಿನಲ್ಲಿ ಒಂದೇ ಸೊಪ್ಪಿಗೆ ಮನೆಗೊಂದು ಹೆಸರು. ತುಳುವರಿಗೆ ಅದು ತಿಮರೆ. ಕೊಂಕಣಿ ಮನೆಗಳಲ್ಲಿ ಏಕ್‌ಪಾನಿ. ಘಟ್ಟದಿಂದಿಳಿದು ಇಲ್ಲಿ ನೆಲೆಸಿದವರು ಒಂದೆಲಗ ಎನ್ನುತ್ತಾರೆ. ಮಲಯಾಳ ಮನೆಮಾತಿನ ನೆರೆಯವರು ಮುತ್ತಿಳ್ ಎಂದರೂ ಕೈ ತೋರಿಸುವುದು ಇದೇ ಎಲೆಯ ಕಡೆಗೆ. ಹೆಸರು ಯಾವುದಾದರೂ ಮಾರುಕಟ್ಟೆಯಲ್ಲಿ ಸೊಪ್ಪಿನ ಬುಟ್ಟಿಯ ಮುಂದೆ ಗೊಂದಲ ಆಗುತ್ತಿರಲಿಲ್ಲ. “ತಿಮರೆ ಉಂಡಾ?” ಎಂದರೆ ಮಾರುವಾಕೆ ಒಂದು ಕಟ್ಟು ಎತ್ತಿ ಕೊಡುತ್ತಿದ್ದಳು, ಅಷ್ಟೇ. ಈಗ ಈ ಎಲ್ಲ ಹೆಸರುಗಳ ಮೇಲೂ ಇನ್ನೊಂದು ಹೆಸರು ಬಂದು ಕುಳಿತಿದೆ: ಬ್ರಾಹ್ಮಿ. ನನ್ನ ತಕರಾರಿರುವುದು ಅದರ ಬಗ್ಗೆ.

ಮೊದಲು ಒಂದೆಲಗವನ್ನು ನೋಡಿ. ಗಿಡ ಗುರುತಿಸುವ ಪಾಠ ಆ ಪದದೊಳಗೇ ಇದೆ: ಒಂದು ತೊಟ್ಟಿಗೆ ಒಂದೇ ಎಲೆ. ಏಕ್‌ಪಾನಿ ಹೇಳುವುದೂ ಅದನ್ನೇ. ನೆಲಕ್ಕಂಟಿ ಹರಿಯುವ ಕೆಂಬಣ್ಣ ಬೆರೆತ ಸಪೂರ ಬಳ್ಳಿ, ಅದರ ಗೆಣ್ಣುಗೆಣ್ಣಿನಲ್ಲೂ ಬೇರು, ಪ್ರತಿ ಗೆಣ್ಣಿನಿಂದ ಮೇಲೇಳುವ ಉದ್ದ ತೊಟ್ಟುಗಳು, ಒಂದೊಂದು ತೊಟ್ಟಿನ ತುದಿಗೂ ಒಂದೊಂದು ದುಂಡನೆಯ ಎಲೆ. ಎಲೆಯ ಅಂಚಿನಲ್ಲಿ ಮೊಂಡು ಹಲ್ಲುಗಳಂಥ ಸಣ್ಣ ಕಚ್ಚುಗಳು. ಮುಖ್ಯವಾಗಿ ನೋಡಬೇಕಾದದ್ದು ತೊಟ್ಟು ಸೇರುವ ಜಾಗ. ಅಲ್ಲಿ ಎಲೆ ಆಳವಾಗಿ ಸೀಳಿಕೊಂಡಿರುತ್ತದೆ, ತೊಟ್ಟು ಆ ಸೀಳಿನ ಮೂಲೆಗೇ ಬಂದು ಸೇರುತ್ತದೆ. ಹೂ ಬಹಳ ಚಿಕ್ಕದು, ನಸುಗೆಂಪು, ಎಲೆಗಳ ಕೆಳಗೆ ನೆಲದ ಹತ್ತಿರವೇ ಅಡಗಿರುತ್ತದೆ. ಬಗ್ಗಿ ನೋಡದವರಿಗೆ ಕಾಣುವುದಿಲ್ಲ. ಎಲೆ ಹೊಸಕಿದರೆ ಹಸಿ ಕ್ಯಾರೆಟ್ ಸೊಪ್ಪನ್ನು ನೆನಪಿಸುವ ಪರಿಮಳ. ಒಂದೆಲಗ ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬದ್ದೇ.

ನರ್ಸರಿಗಳಲ್ಲಿ ನೀರಿನ ತೊಟ್ಟಿಗೆಂದು ಮಾರುವ ಇನ್ನೊಂದು ದುಂಡೆಲೆಯ ಗಿಡವಿದೆ. ಅದರ ತೊಟ್ಟು ಎಲೆಯ ನಟ್ಟನಡುವಿಗೆ ಅಡಿಯಿಂದ ಸೇರುತ್ತದೆ, ಸೀಳು ಇರುವುದಿಲ್ಲ. ಅದು ತಿಮರೆ ಅಲ್ಲ. ಇಲಿಕಿವಿ ಎಂಬ ಹೆಸರಿನಲ್ಲೂ ಎಚ್ಚರ ಬೇಕು. ಕೆಲವು ಕಡೆ ಒಂದೆಲಗವನ್ನೇ ಹಾಗೆ ಕರೆಯುತ್ತಾರೆ, ಆದರೆ ಅದೇ ಹೆಸರಿನ, ಹೆಚ್ಚುಕಡಿಮೆ ಇದೇ ಆಕಾರದ ಎಲೆಯ ಮತ್ತೊಂದು ಬಳ್ಳಿ ಗೆಣಸಿನ ಕುಟುಂಬಕ್ಕೆ ಸೇರಿದ್ದು. ಅದರ ಹೂ ಹಳದಿ.

ಇನ್ನು ಬ್ರಾಹ್ಮಿ. ಕರ್ನಾಟಕದಲ್ಲಿ ಬ್ರಾಹ್ಮಿ ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಒಂದೆಲಗ. ಮಂಗಳೂರಿನಿಂದ ರೈಲು ಹತ್ತಿ ತೆಂಕಣಕ್ಕೆ ಹೊರಟು ಕಾಸರಗೋಡು ದಾಟುವಷ್ಟರಲ್ಲಿ ಅದೇ ಪದಕ್ಕೆ ಬೇರೆ ಗಿಡ. ಕೇರಳದಲ್ಲಿ ಬ್ರಾಹ್ಮಿ ಎಂದರೆ ನಾವು ನೀರುಬ್ರಾಹ್ಮಿ ಎನ್ನುವ ಗಿಡ: ಕೆಸರಿನಲ್ಲಿ ಹರಡುವ, ತೊಟ್ಟಿಲ್ಲದ ಸಣ್ಣ ದಪ್ಪ ಎಲೆಗಳನ್ನು ಜೋಡಿಜೋಡಿಯಾಗಿ ಹೊತ್ತ, ಬಿಳಿಯ ಅಥವಾ ತಿಳಿನೀಲಿ ಹೂವಿನ, ಬಾಯಿಗಿಟ್ಟರೆ ಕಹಿ ಎನಿಸುವ ಗಿಡ. ಬಂಗಾಳದಲ್ಲೂ ಹಾಗೆಯೇ. ಭಾರತದ ಆಯುರ್ವೇದ ಔಷಧಕೋಶವೂ ಬ್ರಾಹ್ಮಿ ಎಂದು ನೀರುಬ್ರಾಹ್ಮಿಯನ್ನೇ ಹೆಸರಿಸಿ, ನಮ್ಮ ಒಂದೆಲಗವನ್ನು ಮಂಡೂಕಪರ್ಣೀ ಎಂಬ ಬೇರೆಯೇ ಹೆಸರಿನಲ್ಲಿ ಇಟ್ಟಿದೆ. ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮೊದಲನೆಯದು ಈ ಮಂಡೂಕಪರ್ಣಿಯ ರಸ. ಮಂಡೂಕ ಎಂದರೆ ಕಪ್ಪೆ; ಕಪ್ಪೆಗೂ ಈ ಎಲೆಗೂ ಏನು ನಂಟು ಎಂದು ಜುಲೈ ತಿಂಗಳ ಮಂಗಳೂರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಎರಡೂ ಇರುವುದು ಒಂದೇ ಜೌಗಿನಲ್ಲಿ.

ಯಾವುದೋ ಹೆಸರಿನಲ್ಲಿ ಕರೆದರೇನಂತೆ ಎಂದು ಸುಮ್ಮನಿರಲಾಗದು. ನೀರುಬ್ರಾಹ್ಮಿಯ ಮೇಲೆ ನಡೆದ ಅಧ್ಯಯನದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಿಮರೆ ಚಟ್ನಿಗೆ ಆ ಗುಣವನ್ನೆಲ್ಲ ಹೊರಿಸುತ್ತೇವೆ. ಅಂಗಡಿಯ ಡಬ್ಬಿಯ ಮೇಲೆ ‘ಬ್ರಾಹ್ಮಿ ಪುಡಿ’ ಎಂದಿದ್ದರೆ ಒಳಗಿರುವುದು ಯಾವ ಗಿಡ ಎಂದು ತಿಳಿಯುವುದಿಲ್ಲ. ಎರಡೂ ವಿಷವಲ್ಲ, ನಿಜ. ಆದರೆ ಎರಡರ ಸತ್ವ ಬೇರೆ, ಪ್ರಮಾಣ ಬೇರೆ, ಕೆಲಸ ಬೇರೆ.

ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೆಲಗದ ರಸ ಕುಡಿಸುವ ಮನೆಗಳು ಇಲ್ಲಿ ಬಹಳ. ಪ್ರೀತಿಯಿಂದ ಮಾಡುವ ಕೆಲಸ ಅದು, ನನಗೆ ಆಕ್ಷೇಪವಿಲ್ಲ. ಆದರೆ ಅಂಕಗಳ ಭರವಸೆಯನ್ನು ಅದರ ಮೇಲಿಡಬಾರದು. ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ನೆನಪು ಮತ್ತು ಗ್ರಹಿಕೆಯ ವಿಷಯದಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ ಎಂದಿತು. ಗಾಯ ಮಾಯಿಸುವ ಗುಣದ ಕತೆ ಬೇರೆ. ಈ ಎಲೆಯಿಂದ ಏಷ್ಯಾಟಿಕೋಸೈಡ್ ಎಂಬ ಸತ್ವವನ್ನು 1941ರಲ್ಲೇ ಬೇರ್ಪಡಿಸಿದ್ದರು. ಗಾಯಕ್ಕೆ ಹಚ್ಚುವ ಮುಲಾಮುಗಳಲ್ಲಿ ಅದು ದಶಕಗಳಿಂದ ಇದೆ. ಇವತ್ತು ನಗರದ ಮಾಲ್‌ಗಳಲ್ಲಿ ‘ಸಿಕಾ’ ಎಂಬ ಹೆಸರು ಹೊತ್ತು ದುಬಾರಿ ಬೆಲೆಗೆ ಮಾರಾಟವಾಗುವ ಕೊರಿಯಾದ ಮುಖದ ಕ್ರೀಮಿನೊಳಗೆ ಇರುವುದೂ ತಿಮರೆಯ ಸತ್ವವೇ. ಬಾವಿಕಟ್ಟೆಯ ಸೊಪ್ಪು ಎಷ್ಟು ದೂರ ಹೋಗಿ ಬಂದಿದೆ ನೋಡಿ.

ಆದರೂ ತಿಮರೆಯ ನಿಜವಾದ ಊರು ಅಡುಗೆಮನೆ. ತಂಬುಳಿ ಮಾಡುವುದಾದರೆ ಒಂದು ಹಿಡಿ ಸೊಪ್ಪನ್ನು ಎಳೆ ತೊಟ್ಟಿನ ಸಮೇತ ತೆಗೆದುಕೊಳ್ಳಿ. ಮಣ್ಣು ಹೋಗುವವರೆಗೆ ನೀರು ಬದಲಿಸಿ ತೊಳೆಯಬೇಕು, ಬೇರಿನ ಗೆಣ್ಣಿನಲ್ಲಿ ಮರಳು ಬಿಡದೆ ಕೂತಿರುತ್ತದೆ. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸೊಪ್ಪನ್ನೂ ಹಾಕಿ ಬಾಡಿಸಿ, ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತು. ಮತ್ತೆ ಕುದಿಸುವಂತಿಲ್ಲ; ತಣ್ಣಗಿರುವ ಹುಳಿ ಎಂಬುದೇ ತಂಬುಳಿ. ಚಟ್ನಿಗಾದರೆ ಹುರಿಯುವುದೂ ಬೇಡ. ಹಸಿ ಸೊಪ್ಪು, ತೆಂಗಿನಕಾಯಿ, ಹಸಿಮೆಣಸು, ಚೂರು ಶುಂಠಿ, ಚೂರು ಹುಣಸೆಹುಳಿ. ಮಳೆ ಸುರಿಯುವ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯ ಬದಿಗೆ ತಿಮರೆದ ಚಟ್ನಿ ಇದ್ದರೆ ಬೇರೆ ಪದಾರ್ಥ ಬೇಕೆನಿಸುವುದಿಲ್ಲ. ತುಳುವರ ಆಟಿ ತಿಂಗಳ ‘ಆಟಿಡೊಂಜಿ ದಿನ’ದ ಊಟಗಳಲ್ಲಿ ತಜಂಕ್ ಸೊಪ್ಪು, ಪತ್ರೊಡೆಗಳ ಜೊತೆ ಇದೂ ಬಂದು ಕೂರುತ್ತದೆ. ಶ್ರೀಲಂಕಾದಲ್ಲಿ ಇದನ್ನೇ ಗೊಟುಕೊಲ ಎಂದು ಕರೆದು, ಹೆಚ್ಚಿ, ತೆಂಗಿನ ತುರಿ, ನಿಂಬೆರಸ ಬೆರೆಸಿ ಅನ್ನದ ಜೊತೆ ತಿನ್ನುತ್ತಾರೆ. ಕಡಲಾಚೆಗೂ ತೆಂಗು ಮತ್ತು ತಿಮರೆಯ ಜೋಡಿ ತಪ್ಪಿಲ್ಲ.

ನಗರದಲ್ಲಿ ಇದು ಕಡಿಮೆಯಾಗಲು ಕಾರಣ ಕಣ್ಣೆದುರೇ ಇದೆ. ಮನೆಯಂಗಳಕ್ಕೆ ಇಂಟರ್‌ಲಾಕ್ ಬಂತು, ಬಾವಿಯ ಸುತ್ತ ಕಾಂಕ್ರೀಟ್ ಬಂತು, ಹಿತ್ತಿಲಿದ್ದಲ್ಲಿ ಫ್ಲ್ಯಾಟ್ ಎದ್ದಿತು. ನೀರು ಇಂಗುತ್ತಿದ್ದ ತಂಪು ಜಾಗ ಹೋದ ಮೇಲೆ ತಿಮರೆ ಉಳಿದದ್ದು ತೋಡಿನ ಬದಿಯಲ್ಲಿ, ಚರಂಡಿಯ ಅಂಚಿನಲ್ಲಿ. ಅಲ್ಲಿಂದ ದಯವಿಟ್ಟು ಕೊಯ್ಯಬೇಡಿ. ಈ ಗಿಡ ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ, ತೊಳೆದರೆ ಅದು ಹೋಗುವುದಿಲ್ಲ. ಪಂಜೆ ಮಂಗೇಶರಾವ್ ರಸ್ತೆಯ ಭಾನುವಾರದ ಸಾವಯವ ಸಂತೆಯಲ್ಲೋ ಗುರುತಿನ ಹಳ್ಳಿಯವರಲ್ಲೋ ಕೇಳಿ. ಬೇರಿರುವ ಒಂದು ಗೆಣ್ಣು ಸಿಕ್ಕರೆ ಅಗಲ ಬಾಯಿಯ ಕುಂಡದಲ್ಲಿ ಊರಿ, ಅರೆನೆರಳಿನಲ್ಲಿಟ್ಟು, ಮಣ್ಣು ಒಣಗದಂತೆ ನೋಡಿಕೊಂಡರೆ ಬಾಲ್ಕನಿಯಲ್ಲೇ ಹಬ್ಬುತ್ತದೆ.

ಊಟದಲ್ಲಿ ಆಗಾಗ ತಿನ್ನುವುದಕ್ಕೆ ಭಯ ಬೇಡ. ಆದರೆ ಇದರ ಮಾತ್ರೆಗಳನ್ನು ವಾರಗಟ್ಟಲೆ ನುಂಗಿ ಯಕೃತ್ತಿಗೆ ತೊಂದರೆ ಮಾಡಿಕೊಂಡವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು, ದಿನವೂ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಔಷಧವಾಗಿ ಬಳಸಬಾರದು. ಕೊಳ್ಳುವಾಗ ಬ್ರಾಹ್ಮಿ ಎನ್ನಬೇಡಿ. ತಿಮರೆ, ಏಕ್‌ಪಾನಿ, ಒಂದೆಲಗ, ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆಯೇ ಕೇಳಿ. ಪುಡಿಯ ಡಬ್ಬಿಯಾದರೆ ಸಸ್ಯದ ಶಾಸ್ತ್ರೀಯ ಹೆಸರು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ.