ಆಡು, ಆಮೆ ಮತ್ತು ಹಡಗಿನ ಕಿರ್ದಿ ಪುಸ್ತಕ

ಸುವರ್ಣ ಮಹೋತ್ಸವ ಸಮಿತಿಯವರು ಸ್ಮರಣ ಸಂಚಿಕೆಗೆ ಚರಿತ್ರೆಯ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಕೇಳಿದಾಗ, ಊರ ಮುಂದಿನ ವೀರಗಲ್ಲಿನ ಬಗ್ಗೆ ಬರೆಯೋಣವೆಂದು ಮೊದಲು ಅಂದುಕೊಂಡೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಊರಿನಲ್ಲಿಯೇ ಇದ್ದಾರೆ. ಆದ್ದರಿಂದ ನಾನು ಕಣ್ಣಾರೆ ಕಂಡು ಬಂದ ಒಂದು ದೂರದ ನೆಲದ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಅದನ್ನು ನೋಡುವ ಕಣ್ಣು ಕೊಟ್ಟದ್ದು ಈ ಶಾಲೆಯೇ ಆದ್ದರಿಂದ ಇಲ್ಲಿ ಬರೆಯುವುದು ತಪ್ಪಾಗಲಾರದು.

ನಾನು ಈ ಶಾಲೆಯ ಎರಡನೆಯ ತಂಡದ ವಿದ್ಯಾರ್ಥಿ. ನಮ್ಮ ಚರಿತ್ರೆ ಮೇಷ್ಟ್ರು ಒಂದು ದಿನ ಶಾನುಭೋಗರ ಮನೆಯಿಂದ ಹಳೆಯ ಕಿರ್ದಿ ಪುಸ್ತಕವೊಂದನ್ನು ತರಗತಿಗೆ ತಂದಿದ್ದರು. ರಾಜರು ಕೆತ್ತಿಸಿದ ಶಾಸನದಲ್ಲಿ ಹೊಗಳಿಕೆ ಬೆರೆತಿರುತ್ತದೆ, ಲೆಕ್ಕ ಬರೆದವನಿಗೆ ಹೊಗಳಲು ಪುರುಸೊತ್ತಿರುವುದಿಲ್ಲ, ಆದ್ದರಿಂದ ಅವನನ್ನು ನಂಬಬಹುದು ಎಂದು ಹೇಳಿದ್ದರು. ಮುಂದೆ ನಾನೂ ಚರಿತ್ರೆ ಮೇಷ್ಟ್ರಾಗಿ ಮೂವತ್ತು ವರ್ಷ ಪಾಠ ಮಾಡಿದೆ. ಆ ಮಾತಿನ ಪೂರ್ತಿ ಅರ್ಥ ತಿಳಿದದ್ದು ಮಾತ್ರ ನಿವೃತ್ತಿಯ ನಂತರ, ಶಾಂತಸಾಗರದ ನಡುವೆ.

ಅಮೆರಿಕದಲ್ಲಿರುವ ನಮ್ಮ ಮಗಳು 2022ರಲ್ಲಿ ನನ್ನನ್ನೂ ನನ್ನ ಹೆಂಡತಿಯನ್ನೂ ಗಲಾಪಗೋಸ್ ದ್ವೀಪಗಳಿಗೆ ಕರೆದುಕೊಂಡು ಹೋದಳು. ಇವು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದವು. ಕರಾವಳಿಯಿಂದ ಸುಮಾರು 1000 ಕಿಲೋಮೀಟರ್ ಪಶ್ಚಿಮಕ್ಕೆ, ಭೂಮಧ್ಯರೇಖೆಯ ಮೇಲೆಯೇ ಇವೆ. ಎಲ್ಲವೂ ಕಡಲ ತಳದಿಂದ ಎದ್ದ ಜ್ವಾಲಾಮುಖಿಗಳು. ಪೂರ್ವದ ದ್ವೀಪಗಳು ಹಳೆಯವು, ಸವೆದು ತಗ್ಗಾದವು. ಪಶ್ಚಿಮದ ಇಸಬೆಲಾ, ಫರ್ನಾಂಡಿನಾಗಳಲ್ಲಿ ಇಂದಿಗೂ ಬೆಂಕಿ ಆರಿಲ್ಲ.

ನಮ್ಮದು ಹದಿನಾರು ಪ್ರಯಾಣಿಕರ ಸಣ್ಣ ಹಡಗು. ರಾತ್ರಿ ಹಡಗು ಚಲಿಸುತ್ತಿತ್ತು, ಬೆಳಗ್ಗೆ ಕಣ್ಣು ಬಿಟ್ಟರೆ ಇನ್ನೊಂದು ದ್ವೀಪ. ರಬ್ಬರು ದೋಣಿಯಲ್ಲಿ ದಡಕ್ಕೆ ಹೋಗಬೇಕು. ಉದ್ಯಾನದ ಪರವಾನಗಿ ಪಡೆದ ಮಾರ್ಗದರ್ಶಕ ಜೊತೆಗಿರಲೇಬೇಕು. ಗುರುತಿನ ದಾರಿ ಬಿಟ್ಟು ಹೆಜ್ಜೆ ಇಡುವಂತಿಲ್ಲ, ಯಾವ ಪ್ರಾಣಿಗೂ ಎರಡು ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಪ್ರಾಣಿಗಳಿಗೆ ಮಾತ್ರ ಈ ನಿಯಮ ಗೊತ್ತಿಲ್ಲ! ನೀಲಿ ಪಾದದ ಬೂಬಿ ಹಕ್ಕಿ ದಾರಿಯ ನಡುವೆಯೇ ಮೊಟ್ಟೆಗೆ ಕಾವು ಕೊಡುತ್ತಿತ್ತು. ನಮ್ಮ ಉಡಕ್ಕಿಂತ ಕಪ್ಪಾದ ಕಡಲ ಇಗ್ವಾನಗಳು ಬಂಡೆಯ ಮೇಲೆ ರಾಶಿಯಾಗಿ ಬಿಸಿಲು ಕಾಯುತ್ತಿದ್ದವು. ಮನುಷ್ಯನನ್ನು ಕಂಡು ಓಡುವ ಅಭ್ಯಾಸವೇ ಅವಕ್ಕಿಲ್ಲ. ನನ್ನ ಹೆಂಡತಿ, “ಇವಕ್ಕೆ ನಮ್ಮ ಬಗ್ಗೆ ಇನ್ನೂ ಯಾರೂ ಹೇಳಿಲ್ಲ ಅಂತ ಕಾಣುತ್ತೆ” ಎಂದಳು. ನಾವೆಲ್ಲ ನಕ್ಕೆವು. ಆದರೆ ಈ ದ್ವೀಪಗಳ ದುಃಖದ ಚರಿತ್ರೆಯೆಲ್ಲ ಆ ಮಾತಿನಲ್ಲಿಯೇ ಇದೆ.

ಇಲ್ಲಿಗೆ ಬಂದವರ ಬಗ್ಗೆ ನಮಗೆ ದೊರೆಯುವ ಮೊದಲ ಬರಹ 1535ರದು. ಪನಾಮಾದ ಬಿಷಪ್ ತೋಮಾಸ್ ದೆ ಬೆರ್ಲಾಂಗಾ ಅವರ ಹಡಗು ಗಾಳಿಯಿಲ್ಲದೆ ಪ್ರವಾಹಕ್ಕೆ ಸಿಕ್ಕಿ ಇತ್ತ ತೇಲಿಬಂತು. ಕುಡಿಯಲು ನೀರು ಸಿಗದೆ ಅವರು ಪಾಪಾಸುಕಳ್ಳಿಯನ್ನು ಹಿಂಡಿ ಜೀವ ಉಳಿಸಿಕೊಂಡರು. ಮುಂದೆ ಕಡಲ್ಗಳ್ಳರು ಬಂದರು. ಹದಿನೆಂಟನೆಯ ಶತಮಾನದ ಕೊನೆಯಿಂದ ತಿಮಿಂಗಿಲ ಬೇಟೆಯ ಹಡಗುಗಳು ಬಂದವು.

ವರ್ಷಗಟ್ಟಲೆ ಕಡಲಲ್ಲಿರುವ ಬೇಟೆಗಾರರಿಗೆ ಕೆಡದ ಮಾಂಸ ಬೇಕಿತ್ತು. ಇಲ್ಲಿನ ದೈತ್ಯ ಆಮೆ ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಆ ಸಹನೆಯೇ ಅದಕ್ಕೆ ಮುಳುವಾಯಿತು. ನಾವಿಕರು ಆಮೆಗಳನ್ನು ಹೊತ್ತು ತಂದು ಹಡಗಿನ ಹೊಟ್ಟೆಯಲ್ಲಿ ಪೇರಿಸಿ, ಬೇಕಾದಾಗ ಒಂದೊಂದನ್ನೇ ಕೊಯ್ದರು. ಹೆಣ್ಣು ಆಮೆಗಳು ಹಗುರ, ಮೊಟ್ಟೆ ಇಡಲು ತಗ್ಗಿಗೆ ಇಳಿದು ಬರುತ್ತವೆ. ಆದ್ದರಿಂದ ಅವೇ ಹೆಚ್ಚು ಸಿಕ್ಕವು.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ಹಡಗಿನ ದಿನಚರಿ ಪುಸ್ತಕಗಳಿಂದ. ಚಾರ್ಲ್ಸ್ ಟೌನ್‌ಸೆಂಡ್ ಎಂಬ ಪ್ರಾಣಿವಿಜ್ಞಾನಿ ಅಮೆರಿಕದ ಬಂದರು ಊರುಗಳಲ್ಲಿ ಉಳಿದಿದ್ದ ಅಂಥ ಪುಸ್ತಕಗಳನ್ನು ಓದಿ 1925ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಕೇವಲ 79 ಹಡಗುಗಳ ಪುಸ್ತಕಗಳಲ್ಲಿ, 1831ರಿಂದ 1868ರವರೆಗೆ, ಹೊತ್ತೊಯ್ದ ಆಮೆಗಳು ಹತ್ತು ಸಾವಿರಕ್ಕೂ ಹೆಚ್ಚು. ಬೇಟೆಗೆ ಹೊರಟಿದ್ದ ಹಡಗುಗಳು ನೂರಾರು. ಅಷ್ಟು ನೀರು, ಇಷ್ಟು ಸೌದೆ, ಇಷ್ಟು ಆಮೆ ಎಂದು ಬರೆದಿಟ್ಟವನಿಗೆ ತಾನು ಒಂದು ವಂಶದ ಮರಣಪತ್ರ ಬರೆಯುತ್ತಿದ್ದೇನೆಂದು ತಿಳಿದಿರಲಿಲ್ಲ. ನನಗೆ ಮೇಷ್ಟ್ರ ಕಿರ್ದಿ ಪುಸ್ತಕ ನೆನಪಾಯಿತು.

ಫ್ಲೋರಿಯಾನಾ ದ್ವೀಪದಲ್ಲಿ 1820ರಲ್ಲಿ ಎಸೆಕ್ಸ್ ಎಂಬ ಹಡಗಿನ ನಾವಿಕನೊಬ್ಬ ತಮಾಷೆಗೆಂದು ಬೆಂಕಿ ಹಚ್ಚಿದ. ಬೇಸಗೆಯ ಕುರುಚಲು ಹೊತ್ತಿಕೊಂಡು ದ್ವೀಪ ಉರಿಯಿತು. ಅದೇ ವರ್ಷದ ನವೆಂಬರಿನಲ್ಲಿ ಆ ಹಡಗನ್ನು ತಿಮಿಂಗಿಲವೊಂದು ಗುದ್ದಿ ಮುಳುಗಿಸಿತು. 1835ರಲ್ಲಿ ಬೀಗಲ್ ಹಡಗಿನಲ್ಲಿ ಚಾರ್ಲ್ಸ್ ಡಾರ್ವಿನ್ ಬಂದಾಗ, ಆಮೆಯನ್ನು ನೋಡಿಯೇ ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಅಧಿಕಾರಿ ನಿಕೊಲಾಸ್ ಲಾಸನ್ ತಿಳಿಸಿದರು. ಡಾರ್ವಿನ್ ಆ ಮಾತಿಗೆ ಆಗ ಹೆಚ್ಚು ಗಮನ ಕೊಡಲಿಲ್ಲ. ಬೀಗಲ್ ಹಡಗಿನವರೂ ಆಮೆ ತಿಂದು ಚಿಪ್ಪುಗಳನ್ನು ಕಡಲಿಗೆ ಎಸೆದರು. ಅಷ್ಟು ದೊಡ್ಡ ವಿಜ್ಞಾನಿಯೂ ಸ್ಥಳೀಯನೊಬ್ಬನ ಮಾತಿನ ಬೆಲೆಯನ್ನು ತಡವಾಗಿ ಅರಿತರು ಎಂಬುದನ್ನು ನಮ್ಮ ಶಿಕ್ಷಕ ಮಿತ್ರರು ಗಮನಿಸಬೇಕು.

ಇನ್ನು ಆಡಿನ ಮಾತು. ನಾನು ಆಡು ಸಾಕಿದವರ ಮನೆಯವನು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕ ಕಟ್ಟಲು ಅವ್ವ ಒಂದು ಹೋತವನ್ನು ಸಂತೆಯಲ್ಲಿ ಮಾರಿದ್ದಳು. ಆ ದಿನ ನಾನು ಊಟ ಮಾಡಿರಲಿಲ್ಲ. ಸಾಂತಾ ಕ್ರೂಜ್ ದ್ವೀಪದಲ್ಲಿ ‘ಒಂಟಿ ಜಾರ್ಜ್’ ಎಂಬ ಆಮೆಯ ದೇಹವನ್ನು ಗಾಜಿನೊಳಗೆ ಕಾಪಿಟ್ಟಿದ್ದಾರೆ. 1971ರಲ್ಲಿ ಪಿಂಟಾ ದ್ವೀಪದಲ್ಲಿ ಸಿಕ್ಕ ಅದು, ತನ್ನ ಕುಲದ ಕೊನೆಯದಾಗಿ 2012ರ ಜೂನ್ 24ರಂದು ಸತ್ತಿತು. ಆ ದ್ವೀಪದಲ್ಲಿ ಮೀನುಗಾರರು 1959ರಲ್ಲಿ ಮೂರೇ ಮೂರು ಆಡು ಬಿಟ್ಟಿದ್ದರಂತೆ. ಕೆಲವೇ ವರ್ಷಗಳಲ್ಲಿ ಅವು ಸಾವಿರಾರಾದವು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜವಾಯಿತು. ಇಸಬೆಲಾದ ಬೆಟ್ಟಗಳಲ್ಲಿ ಮರಗಳು ಮಂಜನ್ನು ಹಿಡಿದು ಹನಿಸುತ್ತಿದ್ದವು, ಆ ಹನಿ ನಿಂತ ಹೊಂಡದಲ್ಲಿ ಆಮೆ ನೀರು ಕುಡಿಯುತ್ತಿತ್ತು. ಆಡು ಹೆಚ್ಚಿದಂತೆ ಮರ ಹೋಯಿತು, ಹೊಂಡ ಒಣಗಿತು.

1997ರಿಂದ 2006ರವರೆಗೆ ನಡೆದ ಯೋಜನೆಯೊಂದರಲ್ಲಿ ಹೆಲಿಕಾಪ್ಟರಿನಿಂದ ಗುಂಡು ಹಾರಿಸಿ ಸುಮಾರು 1.4 ಲಕ್ಷ ಆಡುಗಳನ್ನು ಕೊಂದರು. ಕೊನೆಯಲ್ಲಿ ಅಡಗಿದವನ್ನು ಹುಡುಕಲು ಒಂದು ಆಡಿನ ಕೊರಳಿಗೆ ರೇಡಿಯೊ ಕಟ್ಟಿ ಬಿಡುತ್ತಿದ್ದರು. ಆಡು ಒಂಟಿಯಾಗಿರಲಾರದು, ತನ್ನವರನ್ನು ಹುಡುಕಿಕೊಂಡು ಹೋಗುತ್ತದೆ. ಅದರ ಹಿಂದೆಯೇ ಬಂದೂಕು ಹೋಗುತ್ತಿತ್ತು. ಇದನ್ನು ಕೇಳಿ ನನಗೆ ಮಾತು ಹೊರಡಲಿಲ್ಲ. ಮಾರ್ಗದರ್ಶಕನೂ ಆ ದ್ವೀಪಗಳಲ್ಲಿಯೇ ಹುಟ್ಟಿ ಬೆಳೆದವನು. “ನಮ್ಮ ಮನೆಯಲ್ಲೂ ಆಡಿದ್ದವು. ತಪ್ಪು ಅವುಗಳದ್ದಲ್ಲ, ಬಿಟ್ಟವರದ್ದು. ಶಿಕ್ಷೆ ಮಾತ್ರ ಅವಕ್ಕಾಯಿತು” ಎಂದ.

ಎಸ್ಪಾನ್ಯೋಲಾ ದ್ವೀಪ ಇದರ ಇನ್ನೊಂದು ಮುಖ. ಅಲ್ಲಿ ಉಳಿದಿದ್ದುದು 12 ಹೆಣ್ಣು, 2 ಗಂಡು ಆಮೆ ಮಾತ್ರ. ಅವನ್ನೂ, ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಿಂದ ತಂದ ಡಿಯಾಗೊ ಎಂಬ ಗಂಡನ್ನೂ ಸಾಂತಾ ಕ್ರೂಜ್‌ನಲ್ಲಿ ಸಾಕಿ ಮರಿ ಮಾಡಿಸಿದರು. ಆಡುಗಳನ್ನು 1978ರ ಹೊತ್ತಿಗೆ ತೆಗೆದಿದ್ದರಿಂದ ಮರಿಗಳಿಗೆ ಮೇವು ಉಳಿದಿತ್ತು. 2020ರ ಜೂನ್‌ನಲ್ಲಿ ಆ 15 ಹಿರಿಯ ಆಮೆಗಳನ್ನೂ ಹುಟ್ಟಿದ ನೆಲಕ್ಕೆ ಮರಳಿಸಿದರು. ಅಷ್ಟರಲ್ಲಿ ಅವುಗಳ ಸಂತತಿ ಸಾವಿರಗಳಲ್ಲಿತ್ತು. ಎರಡೂ ಲೆಕ್ಕ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ಕೊನೆಯದಾಗಿ ಒಂದು ವಿಷಯ. ಫ್ಲೋರಿಯಾನಾದ ದಡದಲ್ಲಿ ತಿಮಿಂಗಿಲ ಬೇಟೆಗಾರರ ಕಾಲದಿಂದ ನಡೆದುಬಂದ ಅಂಚೆ ಪೀಪಾಯಿಯೊಂದಿದೆ. ಸ್ಟ್ಯಾಂಪಿಲ್ಲದ ಕಾಗದವನ್ನು ಅದರಲ್ಲಿ ಹಾಕಬೇಕು, ಬಂದವರು ತಮ್ಮ ಊರಿನ ಕಡೆಯ ಕಾಗದವನ್ನು ಆರಿಸಿಕೊಂಡು ಮುಟ್ಟಿಸಬೇಕು. ನಾನೂ ಮುಖ್ಯೋಪಾಧ್ಯಾಯರು, ಸರ್ಕಾರಿ ಪ್ರೌಢಶಾಲೆ ಎಂದು ನಮ್ಮೂರಿನ ವಿಳಾಸ ಬರೆದು ಒಂದು ಕಾರ್ಡು ಹಾಕಿ ಬಂದಿದ್ದೇನೆ. ಈ ಲೇಖನ ಬರೆಯುವವರೆಗೂ ಅದು ತಲುಪಿಲ್ಲ. ಎಂದಾದರೂ ಯಾರಾದರೂ ಅಪರಿಚಿತರು ಅದನ್ನು ಹಿಡಿದು ಶಾಲೆಯ ಗೇಟಿಗೆ ಬಂದರೆ, ಮಕ್ಕಳೇ, ಅವರನ್ನು ಕೂರಿಸಿ ನೀರು ಕೊಡಿ. ಕಾರ್ಡನ್ನು ಎಲ್ಲರಿಗೂ ಓದಿ ಹೇಳಿ. ಅದರಲ್ಲಿ ಇರುವುದು ಇಷ್ಟೇ: ಲೆಕ್ಕ ಬರೆದಿಡಿ, ಮುಂದೆ ಯಾರಿಗೋ ಬೇಕಾಗುತ್ತದೆ.