ಚಾರ್ಲಿ ಕ್ರಿಶ್ಚಿಯನ್: ಗಿಟಾರನ್ನು ಮುಂದಿನ ಸಾಲಿಗೆ ತಂದವರು

1930ರ ದಶಕದ ದೊಡ್ಡ ಜಾಝ್ ಬ್ಯಾಂಡ್‌ಗಳಲ್ಲಿ ಗಿಟಾರ್ ಅಂದ್ರೆ ತಾಳಕ್ಕೆ ಜೊತೆ ಕೊಡೋ ವಾದ್ಯ, ಅಷ್ಟೆ. ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಅಬ್ಬರದಲ್ಲಿ ಅದರ ದನಿ ಕೇಳುತ್ತಲೇ ಇರಲಿಲ್ಲ. ಅದನ್ನು ಬದಲಿಸಿದ ಚಾರ್ಲಿ ಕ್ರಿಶ್ಚಿಯನ್ 1916ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿ, ಒಕ್ಲಹೋಮ ಸಿಟಿಯಲ್ಲಿ ಬೆಳೆದ ಕಪ್ಪು ಹುಡುಗ. ಕಣ್ಣು ಕಾಣದ ಅಪ್ಪನ ಜೊತೆ ಬೀದಿಯಲ್ಲಿ ಹಾಡಿ, ನುಡಿಸಿ ಕಲಿತವರು.

1939ರಲ್ಲಿ ನಿರ್ಮಾಪಕ ಜಾನ್ ಹ್ಯಾಮಂಡ್ ಅವರನ್ನು ಬಿಳಿಯ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡಕ್ಕೆ ಸೇರಿಸಿದರು. ಕಪ್ಪು ಮತ್ತು ಬಿಳಿ ಕಲಾವಿದರು ಒಟ್ಟಿಗೆ ವೇದಿಕೆ ಹತ್ತುವುದೇ ಅಪರೂಪವಾಗಿದ್ದ ಕಾಲ ಅದು. ಗುಡ್‌ಮನ್ ಅವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಸರಿ. ಆದರೆ ಆ ತಂಡಕ್ಕೆ ಕ್ರಿಶ್ಚಿಯನ್ ಕೊಟ್ಟದ್ದೇನು ಕಡಿಮೆಯೇ?

ಎಲೆಕ್ಟ್ರಿಕ್ ಗಿಟಾರ್ ಮೊದಲು ನುಡಿಸಿದವರು ಅವರಲ್ಲ. ಅದರಲ್ಲಿ ಸ್ಯಾಕ್ಸೊಫೋನಿನ ಹಾಗೆ, ಒಂದೊಂದೇ ಸ್ವರ ಹಿಡಿದು ಉದ್ದುದ್ದ ಮಾತಾಡಬಹುದು ಅಂತ ತೋರಿಸಿದ್ದು ಅವರ ಸಾಧನೆ. 'ಸೋಲೊ ಫ್ಲೈಟ್' (1941) ಕೇಳಿದರೆ ಗೊತ್ತಾಗುತ್ತದೆ. ಬ್ಯಾಂಡಿನ ಕೆಲಸ ಮುಗಿದ ಮೇಲೆ ರಾತ್ರಿಯೆಲ್ಲ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್‌ನಲ್ಲಿ ತೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್ ಜೊತೆ ನುಡಿಸುತ್ತಿದ್ದರು. ಬೀಬಾಪ್ ಅನ್ನೋ ಹೊಸ ಜಾಝ್ ರೂಪುಗೊಂಡ ಜಾಗಗಳಲ್ಲಿ ಅದೂ ಒಂದು. ಹವ್ಯಾಸಿಯೊಬ್ಬರು ಅಲ್ಲಿ ರೆಕಾರ್ಡ್ ಮಾಡಿಕೊಂಡದ್ದರಿಂದ ಇಂದಿಗೂ ಅದನ್ನು ಕೇಳಬಹುದು.

ಕ್ಷಯ ಅವರನ್ನು ಬಿಡಲಿಲ್ಲ. ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲಿ 1942ರ ಮಾರ್ಚ್‌ನಲ್ಲಿ ತೀರಿಕೊಂಡಾಗ ವಯಸ್ಸು ಇಪ್ಪತ್ತೈದು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾಗಿದ್ದು ಮರುವರ್ಷ. 1990ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಹುಟ್ಟೂರು ಬೋನಮ್‌ನ ಸ್ಮಶಾನದಲ್ಲಿ ಅವರ ಹೆಸರಿನ ಕಲ್ಲು ನಿಂತದ್ದು 1994ರಲ್ಲಿ.